ಮೈಕ್ರೊವ್ಯಾಕ್ಸ್ ಕಳಚಿದ ಮೂರು ತಿಂಗಳು

ಉಡುಪಿ ಸಮೀಪದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. 1991ರಲ್ಲಿ ಕೆಲಸಕ್ಕೆ ಸೇರಿದ ವಾರವೇ ನನ್ನ ಸುಪರ್ದಿಗೆ ಬಂದ ಯಂತ್ರವನ್ನು 2025ರ ಜನವರಿಯಿಂದ ಮಾರ್ಚ್ ತನಕ ನಾನೇ ಕಳಚಿ, ಅದರೊಳಗಿದ್ದುದನ್ನು ನಕಲು ಮಾಡಿ, ಕೊನೆಗೆ ಲಾರಿಗೆ ಹತ್ತಿಸಿದೆ. ಇಂಥ ಯಂತ್ರ ಇನ್ನೂ ಯಾವುದಾದರೂ ಕಾಲೇಜಿನ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದರೆ ಅದಕ್ಕೆ ಕೈ ಹಾಕುವವರಿಗೆ ಅನುಕೂಲವಾಗಲಿ ಎಂದು ಮಾಡಿದ್ದನ್ನು ಮಾಡಿದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ನನ್ನಿಂದ ಹಾಳಾದದ್ದನ್ನೂ ಬರೆದಿದ್ದೇನೆ.

ವಿಭಾಗದಲ್ಲಿ ಎಲ್ಲರೂ ಅದನ್ನು ಮೇನ್‌ಫ್ರೇಮ್ ಎಂದೇ ಕರೆಯುತ್ತಿದ್ದರು. ಲೆಕ್ಕಕ್ಕೆ ಅದು ಮಿನಿ ಕಂಪ್ಯೂಟರ್. ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ 1985ರಲ್ಲಿ ಹೊರತಂದ ಮೈಕ್ರೊವ್ಯಾಕ್ಸ್ 2. ಆದರೆ ಗಾಜಿನ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಎ.ಸಿ. ಕೋಣೆಯೊಳಗೆ ಕಾಲಿಡಬೇಕಿದ್ದ, ಏಳು ಟರ್ಮಿನಲ್‌ಗಳಲ್ಲಿ ಏಳು ಮಂದಿ ಒಟ್ಟಿಗೆ ಕೆಲಸ ಮಾಡುತ್ತಿದ್ದ ಯಂತ್ರಕ್ಕೆ ಆ ಹೆಸರು ಸಲ್ಲುತ್ತಿತ್ತು. ಎಂಟನೆಯ ತಂತಿಗೆ ಮೋಡೆಮ್ ಜೋಡಿಸಿದ್ದೆವು. ನಮ್ಮ ಕಾಲೇಜಿಗೆ ಇ-ಮೇಲ್ ಎಂಬುದು ಬಂದದ್ದು ಆ ಎಂಟನೆಯ ತಂತಿಯಿಂದ.

ಒಳಗಿದ್ದುದು ಇಷ್ಟು: 9 ಎಂಬಿ ಮೆಮೊರಿ, ತಲಾ 71 ಎಂಬಿಯ ಎರಡು ಆರ್‌ಡಿ53 ಡಿಸ್ಕ್ (ಯಂತ್ರದ ಲೆಕ್ಕದಲ್ಲಿ ಡಿಸ್ಕ್ 0 ಮತ್ತು ಡಿಸ್ಕ್ 1), 95 ಎಂಬಿಯ ಟಿಕೆ50 ಟೇಪ್ ಡ್ರೈವ್, ಎಂಟು ಸಾಲಿನ ಸೀರಿಯಲ್ ಬೋರ್ಡ್, ಒಂದು ಈಥರ್‌ನೆಟ್ ಬೋರ್ಡ್. ಕಾರ್ಯಾಚರಣ ವ್ಯವಸ್ಥೆ ಅಲ್ಟ್ರಿಕ್ಸ್. ಇವೆಲ್ಲ ಕೂತಿದ್ದ ಪೆಟ್ಟಿಗೆಗೆ ಅಡಿಯಲ್ಲಿ ಚಕ್ರಗಳಿವೆ, 62 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ, 70 ಸೆಂ.ಮೀ. ಆಳ. ಕಬ್ಬಿಣದ ಕಪಾಟಿನಲ್ಲಿ 14 ಟೇಪ್‌ಗಳು. 1999ರ ನಂತರ ಯಾರೂ ಅದಕ್ಕೆ ವಿದ್ಯುತ್ ಕೊಟ್ಟಿರಲಿಲ್ಲ. ಈಗ ಆ ಕೋಣೆ ಹೊಸ ಯುಪಿಎಸ್‌ಗೆ ಬೇಕಾಯಿತು. ಮಾರ್ಚ್ 31ರೊಳಗೆ ಡೆಡ್ ಸ್ಟಾಕ್ ರಿಜಿಸ್ಟರ್‌ನಿಂದ ಯಂತ್ರದ ಹೆಸರು ಹೊಡೆದುಹಾಕಬೇಕು ಎಂದು ಆದೇಶ ಬಂತು. ನಕಲಿಗಾಗಿ 20,000 ರೂಪಾಯಿ ಕೇಳಿದೆ, ಮಂಜೂರಾಯಿತು.

ಜನವರಿ 6: ಪ್ಲಗ್ ಹಾಕದೆ

ಮೊದಲ ದಿನ ಪೂರ್ತಿ ನೋಡುವುದಕ್ಕೆ, ಫೋಟೊ ತೆಗೆಯುವುದಕ್ಕೆ. ಪ್ರತಿ ಕೇಬಲಿಗೂ ಬಿಳಿ ಟೇಪ್ ಸುತ್ತಿ ಎರಡೂ ತುದಿಗೆ ಒಂದೇ ಸಂಖ್ಯೆ ಬರೆದೆ. ಒಟ್ಟು 127 ಫೋಟೊ. ಫ್ಯಾನಿನ ಜಾಲರಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬೋರ್ಡ್‌ಗಳ ನಡುವೆ ಒಣಗಿದ ಹಲ್ಲಿಗಳು ಎರಡು. ಕರಾವಳಿಯ ಉಪ್ಪಿನ ಗಾಳಿಯಲ್ಲಿ 25 ಮಳೆಗಾಲ ಕಳೆದ ಯಂತ್ರಕ್ಕೆ ಇದು ಹೆಚ್ಚೇನಲ್ಲ. ಪೆಟ್ಟಿಗೆಯ ತಳದ ತಗಡು ಮಾತ್ರ ತುಕ್ಕು ಹಿಡಿದಿತ್ತು. ಬೋರ್ಡ್‌ಗಳ ಚಿನ್ನದ ಅಂಚು ಹೊಳೆಯುತ್ತಲೇ ಇತ್ತು.

ನಿಜವಾದ ಹಾನಿ ಕಂಡದ್ದು ಹಿಂಬದಿಯ ಫಲಕದಲ್ಲಿ. ಗಡಿಯಾರಕ್ಕೆಂದು ಇಟ್ಟ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ ಸೋರಿ, ಸುತ್ತ ಹಸಿರು ಕಿಲುಬು ಕಟ್ಟಿತ್ತು. ಬ್ಯಾಟರಿ ಕತ್ತರಿಸಿ ತೆಗೆದೆ. ಸೋರಿದ್ದು ಕ್ಷಾರವಾದ್ದರಿಂದ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡು ಬಾರಿ ತೊಳೆದೆ. ಒಂದು ತಾಮ್ರದ ಗೆರೆ ತಿಂದುಹೋಗಿತ್ತು. ತೆಳು ತಂತಿ ಬೆಸೆದು ಜೋಡಿಸಿದೆ. ಹಳೆಯ ಯಂತ್ರ ಮೂಲೆಗೆ ಸರಿಸುವಾಗ ಬೇರೇನೂ ಮಾಡದಿದ್ದರೂ ಬ್ಯಾಟರಿ ತೆಗೆದಿಡಬೇಕು. 1999ರಲ್ಲಿ ಅದು ನನಗೆ ತಿಳಿದಿರಲಿಲ್ಲ.

ಜನವರಿ 9ರಿಂದ 16: ಪವರ್ ಸಪ್ಲೈ

ಸಪ್ಲೈಯನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಒಳಗೆ ದೋಷವಿದ್ದರೆ ವಿದ್ಯುತ್ ಮಿತಿಮೀರಿ ಹರಿಯದಂತೆ 200 ವ್ಯಾಟಿನ ಸೀರೀಸ್ ಬಲ್ಬ್ ಮೂಲಕ ವಿದ್ಯುತ್ ಕೊಟ್ಟೆ. ಟಿಕ್ ಎಂದು ಸದ್ದಾಯಿತು, ನಿಂತಿತು. ಮತ್ತೆ ಟಿಕ್, ಮತ್ತೆ ಮೌನ. ಸತ್ತಿದೆ ಎಂದುಕೊಂಡು ಒಂದೂವರೆ ದಿನ ಟ್ರಾನ್ಸಿಸ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಅಳೆದೆ. ಎಲ್ಲವೂ ಸರಿಯಿದ್ದವು. ಪವರ್ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸಹೋದ್ಯೋಗಿ ಚಹಾ ಕುಡಿಯಲು ಬಂದವರು ಮೇಜು ನೋಡಿ ಕೇಳಿದರು, “ಸರ್, ಇದಕ್ಕೆ ಲೋಡ್ ಎಲ್ಲಿದೆ?”

ಇರಲಿಲ್ಲ. ಆ ಕಾಲದ ಸಪ್ಲೈಗಳು ಕನಿಷ್ಠ ಹೊರೆ, ಅಂದರೆ ವಿದ್ಯುತ್ ಎಳೆಯುವ ಏನಾದರೊಂದು, ಇಲ್ಲದೆ ಓಡುವುದಿಲ್ಲ. 5 ವೋಲ್ಟಿನ ಸಾಲಿಗೆ 1 ಓಮ್, 50 ವ್ಯಾಟಿನ ಎರಡು ರೆಸಿಸ್ಟರ್, 12 ವೋಲ್ಟಿಗೆ ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಕಟ್ಟಿದೆ. ತಕ್ಷಣ ಓಡಿತು. 5.08 ಮತ್ತು 12.1 ವೋಲ್ಟ್. ಆದರೆ ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನಲ್ಲಿ 5 ವೋಲ್ಟಿನ ಮೇಲೆ 210 ಮಿಲಿವೋಲ್ಟ್ ಅಲೆ. ಆ ಏರಿಳಿತವನ್ನು ಸಮ ಮಾಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿವೆ ಎಂದರ್ಥ. ಚಿಕ್ಕವು ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಸಿಕ್ಕಿದವು. ದೊಡ್ಡವೆರಡಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಫೋನ್ ಮಾಡಿ ಕೊರಿಯರ್ ತರಿಸಬೇಕಾಯಿತು. ಒಟ್ಟು 1,150 ರೂಪಾಯಿ. ಬದಲಾಯಿಸಿದ ಮೇಲೆ ಅಲೆ 40 ಮಿಲಿವೋಲ್ಟಿಗೆ ಇಳಿಯಿತು.

ಸಪ್ಲೈ ಮರಳಿ ಕೂರಿಸಿ ಸ್ವಿಚ್ ಒತ್ತಿದರೆ ಏನೂ ಇಲ್ಲ. ಇನ್ನೆರಡು ಗಂಟೆ ಹೋಯಿತು. ಪಕ್ಕದ ಫಲಕ ತೆಗೆದಿದ್ದರೆ ಯಂತ್ರ ಆನ್ ಆಗದಂತೆ ತಡೆಯುವ ಒಂದು ಚಿಕ್ಕ ಸ್ವಿಚ್ ಈ ಪೆಟ್ಟಿಗೆಯಲ್ಲಿದೆ. ಫಲಕ ಇಲ್ಲದಿದ್ದರೆ ಗಾಳಿ ಬೋರ್ಡ್‌ಗಳ ನಡುವೆ ಸರಿಯಾಗಿ ಹಾಯುವುದಿಲ್ಲ, ಅದಕ್ಕೆ. ಫಲಕ ಹಾಕಿದೆ; ಫ್ಯಾನ್ ತಿರುಗಿತು.

ಜನವರಿ 20: ನಾನು ಮಾಡಿದ ತಪ್ಪು

ಇದನ್ನು ವಿವರವಾಗಿ ಬರೆಯಬೇಕು.

ಆ ದಿನ ನನ್ನ ಕೆಲಸದ ಪಟ್ಟಿಯಲ್ಲಿ ಇದ್ದುದು ಸಪ್ಲೈ ಮತ್ತು ಸಿಪಿಯು ಬೋರ್ಡ್‌ನ ಪರೀಕ್ಷೆ ಮಾತ್ರ. ಡಿಸ್ಕ್‌ಗಳ ವಿದ್ಯುತ್ ಕೇಬಲ್ ಬಿಚ್ಚಿಡಬೇಕಿತ್ತು. ಒಂದು ನಿಮಿಷದ ಕೆಲಸ. ಬಿಚ್ಚಲಿಲ್ಲ. ಹಳೆಯ ಟರ್ಮಿನಲ್ ಜೋಡಿಸಿ, ಯಂತ್ರ ಮೊದಲಿನಂತೆಯೇ ಏಳುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆ ಎಲ್ಲಕ್ಕಿಂತ ಮುಂದಾಯಿತು.

ಪರದೆಯ ಮೇಲೆ 7..6..5..4..3.. ಎಂದು ಎಣಿಕೆ ಇಳಿದು, ಪರೀಕ್ಷೆ ಮುಗಿಯಿತು ಎಂಬ ಸಾಲು ಬಂದು, ಆದೇಶಕ್ಕೆ ಕಾಯುವ ಚಿಹ್ನೆ >>> ಮೂಡಿತು. 25 ವರ್ಷದ ನಂತರ. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಅಣ್ಣ ಕೂಡ ಒಳಗೆ ಬಂದು ನೋಡಿದರು. ಈ ಎಣಿಕೆ ಮುಗಿಯುವುದನ್ನು ದಿನಾ ಬೆಳಿಗ್ಗೆ ಕಾಯುತ್ತಿದ್ದವರು ಅವರು. ನಾನು ಡಿಸ್ಕ್ 0ರಿಂದ ಬೂಟ್ ಮಾಡಲು ಆದೇಶ ಕೊಟ್ಟೆ. ಆ ಡಿಸ್ಕ್ ತಿರುಗುತ್ತಿತ್ತು, ಆದರೆ ಸಿದ್ಧವಾಗಲಿಲ್ಲ. ಮತ್ತೆ ಕೊಟ್ಟೆ. ಮತ್ತೆ. ಹೀಗೆ 40 ನಿಮಿಷ. ಅಷ್ಟೂ ಹೊತ್ತು ಡಿಸ್ಕ್ 1 ಪಕ್ಕದಲ್ಲಿ ಸುಮ್ಮನೆ ತಿರುಗುತ್ತಿತ್ತು. ಸುಮಾರು ಅರ್ಧ ಗಂಟೆಯಾದಾಗ ಅದರಿಂದ ಸಣ್ಣ ಸೀಟಿಯಂಥ ಸದ್ದು ಹೊರಟಿತು. ಬೇರಿಂಗ್ ಇರಬೇಕು, ಬಿಸಿಯಾದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ನಿಮಿಷದ ಬಳಿಕ ಸದ್ದು ಕೆರೆತವಾಯಿತು. ಆಗ ಓಡಿಹೋಗಿ ಸ್ವಿಚ್ ಆರಿಸಿದೆ.

ಡಿಸ್ಕ್ 1ರಲ್ಲಿ ಇದ್ದುದು 1992ರಿಂದ 1998ರ ತನಕದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕಡತಗಳು.

ಕ್ರಮ ಹೀಗಿರಬೇಕಿತ್ತು: ಡಿಸ್ಕ್‌ಗಳನ್ನು ಹೊರತೆಗೆಯುವುದು, ಒಂದೊಂದನ್ನೇ ಬೇರೆ ಸಪ್ಲೈಯಲ್ಲಿ ತಿರುಗಿಸಿ ಅದೇ ತಿರುಗಿನಲ್ಲಿ ಪೂರ್ತಿ ನಕಲು ತೆಗೆಯುವುದು, ಯಂತ್ರಕ್ಕೆ ವಿದ್ಯುತ್ ಕೊಡುವುದು ಅದಾದ ಮೇಲೆ. ಹಳೆಯ ಡಿಸ್ಕ್ ಎಷ್ಟು ಬಾರಿ ತಿರುಗುತ್ತದೆ ಎಂಬುದಕ್ಕೆ ಮಿತಿಯಿದೆ. ಆ ಮಿತಿಯಲ್ಲಿ 40 ನಿಮಿಷವನ್ನು ನಾನು ಕಾರಣವಿಲ್ಲದೆ ಖರ್ಚು ಮಾಡಿದೆ.

ಜನವರಿ 21ರಿಂದ ಫೆಬ್ರುವರಿ 11

ಈ ಪೀಳಿಗೆಯ ಡಿಸ್ಕ್ ಓದಲು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಚಿಕ್ಕ ಕಂಪ್ಯೂಟರಿನ ಮೇಲೆ ಕೂರುವ ಎಂಎಫ್‌ಎಂ (ಆ ಡಿಸ್ಕ್‌ಗಳು ಮಾಹಿತಿ ಬರೆದಿಡುವ ಕ್ರಮ) ರೀಡರ್ ಬೋರ್ಡ್ ಸಿಗುತ್ತದೆ. 34 ಮತ್ತು 20 ಪಿನ್ನಿನ ಎರಡು ಕೇಬಲ್ ಸಿಕ್ಕಿಸಿದರೆ ಡಿಸ್ಕಿನ ಸಂಕೇತವನ್ನು ಅದು ಇದ್ದಂತೆಯೇ ದಾಖಲಿಸಿಕೊಳ್ಳುತ್ತದೆ. ಅರ್ಥ ಬಿಡಿಸುವುದನ್ನು ನಂತರ ನಿಧಾನವಾಗಿ ಮಾಡಬಹುದು. ಬೀಗಲ್‌ಬೋನ್‌ಗೆ 6,400, ಬೋರ್ಡಿಗೆ ಸುಂಕ ಸೇರಿ 9,850 ರೂಪಾಯಿ. ಮೂರು ವಾರ ಕಾದೆ. ಅದು ಬರುವ ತನಕ ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟೆ.

ಫೆಬ್ರುವರಿ 12: ಡಿಸ್ಕ್ 0 ತೆರೆದದ್ದು

ಆರ್‌ಡಿ53 ಎಂದರೆ ಮೈಕ್ರೊಪೊಲಿಸ್ 1325. ಇದಕ್ಕೊಂದು ಹುಟ್ಟುರೋಗವಿದೆ. ತಟ್ಟೆಗಳನ್ನು ಓದುವ ತಲೆ ಹೊತ್ತ ತೋಳು ಒಳಬಂದು ತಾಗುವ ಜಾಗದಲ್ಲಿ ಒಂದು ರಬ್ಬರ್ ತುಂಡಿದೆ. ವರ್ಷಗಳು ಕಳೆದಂತೆ ಅದು ಕರಗಿ ಹಲಸಿನ ಮೇಣದಂತೆ ಆಗುತ್ತದೆ. ತೋಳು ಅದಕ್ಕೆ ಅಂಟಿಕೊಂಡರೆ ಮೋಟರ್ ತಿರುಗಿದರೂ ತಲೆ ಅಲುಗುವುದಿಲ್ಲ. ನಮ್ಮ ಡಿಸ್ಕ್ 0ರ ಲಕ್ಷಣ ಇದೇ. ತೆರೆಯದೆ ಬೇರೆ ದಾರಿಯಿರಲಿಲ್ಲ.

ಬಯೋಟೆಕ್ನಾಲಜಿ ವಿಭಾಗದಲ್ಲಿ ಅಂಗಾಂಶ ಕೃಷಿಗೆ ಬಳಸುವ ಲ್ಯಾಮಿನಾರ್ ಫ್ಲೋ ಮೇಜಿದೆ. ಶೋಧಿಸಿದ ಗಾಳಿ ಅದರ ಮೇಲೆ ಸತತವಾಗಿ ಬೀಸುತ್ತಿರುತ್ತದೆ. ಅಲ್ಲಿನ ಮೇಡಂ ಬೆಳಿಗ್ಗೆ 7ರಿಂದ 9ರ ತನಕ ಬಿಟ್ಟುಕೊಟ್ಟರು. “ಗ್ಲೌಸ್ ಹಾಕಿದ ಮೇಲೆ ಮುಖ ಮುಟ್ಟಬೇಡಿ ಸರ್, ತೋಳನ್ನು ಮೇಜಿನ ಗಾಳಿಗೆ ಅಡ್ಡ ತರಬೇಡಿ” ಎಂದು ಎರಡು ಬಾರಿ ಎಚ್ಚರಿಸಿದರು. ಫೆಬ್ರುವರಿಯನ್ನು ಆರಿಸಿದ್ದೂ ಬೇಕೆಂದೇ. ಜೂನ್ ಬಂದರೆ ನಮ್ಮ ಕಡೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಡಿಸ್ಕ್ ತೆರೆಯುವ ಕಾಲ ಅದಲ್ಲ.

ಮುಚ್ಚಳ ಎತ್ತಿದೆ. ತಟ್ಟೆಗಳು ಕಂದು ಬಣ್ಣದವು, ಗೀರು ಕಾಣಲಿಲ್ಲ. ತೋಳು ಊಹಿಸಿದಂತೆ ರಬ್ಬರಿಗೆ ಕಚ್ಚಿಕೊಂಡಿತ್ತು. ಎಳೆಯಲಿಲ್ಲ. ಎಳೆದರೆ ತಲೆಗಳು ಒಮ್ಮೆಲೇ ಜಿಗಿಯುತ್ತವೆ. ಆಲ್ಕೊಹಾಲ್ ಸೋಕಿಸಿದ ಚೂಪಾದ ಬಿದಿರುಕಡ್ಡಿಯನ್ನು ನಡುವೆ ತೂರಿಸಿ, ಹದಿನೈದು ನಿಮಿಷ ಸ್ವಲ್ಪಸ್ವಲ್ಪವಾಗಿ ಬಿಡಿಸಿದೆ. ಬಿಟ್ಟುಕೊಂಡಿತು. ಮೇಣವನ್ನು ಒರಸಿ ತೆಗೆದು, ರಬ್ಬರಿನ ಸುತ್ತ ಶಾಖ ತಾಳುವ ಕ್ಯಾಪ್ಟಾನ್ ಟೇಪನ್ನು ಒಂದೇ ಸುತ್ತು ಹಾಕಿದೆ. ಮುಚ್ಚಳ ಹಾಕುವಾಗ ಒಂದು ತಿರುಪು ಕೈಜಾರಿ ತಟ್ಟೆಯಿಂದ ಎರಡು ಬೆರಳು ಆಚೆ ಬಿತ್ತು. ಕಾಂತವಿರುವ ಸ್ಕ್ರೂಡ್ರೈವರ್ ಡಿಸ್ಕಿನ ಹತ್ತಿರ ಬೇಡವೆಂದು ಸಾದಾ ಸ್ಕ್ರೂಡ್ರೈವರ್ ಬಳಸಿದ್ದರಿಂದ ಹೀಗಾಯಿತು. ಮುಂದಿನ ಬಾರಿ ತುದಿಗೆ ಚೂರು ಮೇಣ ಹಚ್ಚಿಕೊಳ್ಳುತ್ತೇನೆ.

ಫೆಬ್ರುವರಿ 13, 14: ನಕಲು

ಡಿಸ್ಕ್ 0 ತಿರುಗಿತು, ಸಿದ್ಧವಾಯಿತು. ಡಿಸ್ಕಿನ ಜಾಗವನ್ನು ಹಂಚಿರುವ 138,672 ಬ್ಲಾಕ್‌ಗಳಲ್ಲಿ ಮೊದಲ ಓದಿನಲ್ಲಿ 412 ಕೆಟ್ಟಿದ್ದವು. ಎರಡನೆಯ, ಮೂರನೆಯ ಓದಿನ ನಂತರ ಉಳಿದದ್ದು 11. ಅವು ಖಾಲಿ ಜಾಗದಲ್ಲಿದ್ದವು ಎಂದು ನಂತರ ತಿಳಿಯಿತು.

ಡಿಸ್ಕ್ 1ಕ್ಕೆ ಹೆದರಿಕೊಂಡೇ ವಿದ್ಯುತ್ ಕೊಟ್ಟೆ. ಅದೇ ಕೆರೆತ, ಆದರೆ ಓದುತ್ತಿತ್ತು. ಒಂದೇ ಓದು, ಎಂಟು ನಿಮಿಷ, ತಕ್ಷಣ ಆರಿಸಿದೆ. 2,316 ಬ್ಲಾಕ್‌ಗಳು ಹೋಗಿದ್ದವು. ಗಾತ್ರದಲ್ಲಿ 1.2 ಎಂಬಿಯೂ ಇಲ್ಲ. ಆದರೆ ಹೋದದ್ದು ಕಡತಗಳ ಹೆಸರು ಮತ್ತು ವಿಳಾಸ ಇಟ್ಟಿರುವ ಭಾಗ. ಮನೆ ಇದ್ದರೂ ಬೀಗದ ಕೈ ಕಳೆದುಹೋದಂತೆ. ಸಿ ಮತ್ತು ಪಾಸ್ಕಲ್ ಭಾಷೆಯ ಪ್ರೋಗ್ರಾಂ ಪಠ್ಯದ ತುಣುಕುಗಳನ್ನು ಹುಡುಕಿ ಜೋಡಿಸಲು ಒಂದು ವಾರದ ಸಂಜೆಗಳು ಹೋದವು. 1996ರಿಂದ ಈಚಿನ ಪ್ರಾಜೆಕ್ಟ್‌ಗಳಲ್ಲಿ ಪೂರ್ತಿಯಾಗಿ ಸಿಕ್ಕಿದವು ಮೂರೇ.

ಫೆಬ್ರುವರಿ 17: ಯಂತ್ರ ಎದ್ದಿತು

ಎಂಎಫ್‌ಎಂ ಬೋರ್ಡಿಗೆ ಇನ್ನೊಂದು ಗುಣವಿದೆ. ಅದು ಡಿಸ್ಕಿನ ಪಾತ್ರವನ್ನೂ ವಹಿಸಬಲ್ಲದು. ನಿಜವಾದ ಡಿಸ್ಕ್‌ಗಳನ್ನು ಕಪಾಟಿನಲ್ಲಿಟ್ಟು, ಅವುಗಳ ಜಾಗದಲ್ಲಿ ಬೋರ್ಡ್ ಸಿಕ್ಕಿಸಿ, ನಕಲಿನಿಂದ ಯಂತ್ರವನ್ನು ಬೂಟ್ ಮಾಡಿದೆ. ಅಲ್ಟ್ರಿಕ್ಸ್ ಎದ್ದಿತು. ರೂಟ್, ಅಂದರೆ ಮುಖ್ಯ ನಿರ್ವಾಹಕನ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಪಾಸ್‌ವರ್ಡ್ ಕೇಳದ ಸಿಂಗಲ್ ಯೂಸರ್ ಕ್ರಮದಲ್ಲಿ ಒಳಹೊಕ್ಕು ಹೊಸದು ಇಟ್ಟೆ. ಗಡಿಯಾರಕ್ಕೆ 2025 ಕೊಡುವ ಬದಲು 1997 ಕೊಟ್ಟೆ. ಎರಡೂ ವರ್ಷಗಳ ಪಂಚಾಂಗದಲ್ಲಿ ವಾರ ಮತ್ತು ತಾರೀಕು ಒಂದೇ.

ಜನವರಿ 20ರಂದು ನಾನು ಅವಸರಪಟ್ಟು ನೋಡಬೇಕೆಂದಿದ್ದುದು ಇದನ್ನೇ. ಯಾವ ಡಿಸ್ಕಿಗೂ ಅಪಾಯವಿಲ್ಲದೆ ಅದು ನಾಲ್ಕು ವಾರದ ನಂತರ ಸಿಗುತ್ತಿತ್ತು.

ಜಾಲಕ್ಕೆ ಸಂಬಂಧಿಸಿದ ಕಡತಗಳನ್ನು ಆ ಸಂಜೆ ನೋಡಿದೆ. ದೇಶದ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಶುರುವಾದದ್ದು 1986ರಲ್ಲಿ, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯಿಂದ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ. ಮೊದಲ ಎಂಟು ಸಂಸ್ಥೆಗಳೆಂದರೆ ಐದು ಐಐಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ಎನ್‌ಸಿಎಸ್‌ಟಿ (ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ) ಮತ್ತು ದೆಹಲಿಯ ಇಲಾಖೆ ತಾನೇ. ನಮ್ಮಂಥವರು ಈ ಮರದ ತುದಿಯ ಎಲೆಗಳು. ಬೆಂಗಳೂರಿಗೆ ಟೆಲಿಫೋನ್ ಹಚ್ಚಿ, ಯಂತ್ರದಿಂದ ಯಂತ್ರಕ್ಕೆ ಕಡತ ಸಾಗಿಸುವ ಯುಯುಸಿಪಿ ತಂತ್ರಾಂಶದ ಮೂಲಕ ಪತ್ರಗಳ ಕಟ್ಟು ಕೊಟ್ಟು, ಅಲ್ಲಿದ್ದ ಕಟ್ಟು ಪಡೆಯುತ್ತಿದ್ದೆವು.

ಯಾರಿಗೆ, ಯಾವಾಗ, ಯಾವ ವೇಗದಲ್ಲಿ ಕರೆ ಮಾಡಬೇಕು ಎಂಬುದನ್ನು ಎಲ್.ಸಿಸ್ ಎಂಬ ಕಡತದಲ್ಲಿ ಬರೆದಿರುತ್ತಾರೆ. ಅದರಲ್ಲಿ ನಾನೇ ಟೈಪ್ ಮಾಡಿದ ಸಮಯ ಹಾಗೆಯೇ ಇತ್ತು: 2300ರಿಂದ 0600. ರಾತ್ರಿ 11ರ ನಂತರ ಎಸ್‌ಟಿಡಿ ದರ ಕಾಲುಭಾಗಕ್ಕೆ ಇಳಿಯುತ್ತಿತ್ತು, ಅದಕ್ಕಾಗಿ. ಮೋಡೆಮ್ 1200 ಬಾಡ್, ಅಂದರೆ ಸೆಕೆಂಡಿಗೆ 120 ಅಕ್ಷರ. 100 ಕೆಬಿ ಕಡತಕ್ಕೆ 14 ನಿಮಿಷ. ಲಾಗ್ ಕಡತದಲ್ಲಿ ಜೂನ್, ಜುಲೈ ತಿಂಗಳ ಪುಟಗಳ ತುಂಬ ಲೈನ್ ಕಡಿದ ದಾಖಲೆ. ಮಳೆಗೆ ಟೆಲಿಫೋನ್ ತಂತಿಯ ಜೋಡಣೆಗಳಲ್ಲಿ ನೀರು ಇಳಿದು ಕರಕರ ಎನ್ನುತ್ತಿತ್ತು. ಅರ್ಧ ಬಂದ ಪತ್ರ ಮತ್ತೆ ಮೊದಲಿನಿಂದ ಬರಬೇಕು. ಬೆಳಿಗ್ಗೆ ಬಂದು ಮೊದಲು ನೋಡುತ್ತಿದ್ದುದು ಈ ಲಾಗನ್ನೇ. 1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗಲೂ ಅದು ಮಹಾನಗರಗಳ ಮಾತಾಗಿತ್ತು. ನಾವು ಇನ್ನೂ ರಾತ್ರಿ 11 ಹೊಡೆಯುವುದನ್ನು ಕಾಯುತ್ತಿದ್ದೆವು.

ಒಂದು ಎಚ್ಚರಿಕೆ: ಎಲ್.ಸಿಸ್‌ನಲ್ಲಿ ಎದುರು ಯಂತ್ರದ ಲಾಗಿನ್ ಮತ್ತು ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಇರುತ್ತವೆ. ನಕಲನ್ನು ಯಾರಿಗಾದರೂ ಕೊಡುವ ಮುನ್ನ ಆ ಸಾಲುಗಳನ್ನು ಅಳಿಸಬೇಕು. ಆ ಖಾತೆಗಳು ಇಂದು ಇಲ್ಲದಿರಬಹುದು, ಆದರೆ ಒಪ್ಪಿಸಿದ್ದನ್ನು ಕಾಯುವುದು ನಮ್ಮ ಹೊಣೆ.

ಫೆಬ್ರುವರಿ 20ರಿಂದ ಮಾರ್ಚ್ 12: ಹದಿನಾಲ್ಕು ಟೇಪ್

ಟೇಪ್ ಓದಲು ನಮ್ಮಲ್ಲಿದ್ದುದು ಯಂತ್ರದೊಳಗಿನ ಡ್ರೈವ್ ಒಂದೇ, ಆ ಡ್ರೈವ್‌ಗೆ ಈ ಯಂತ್ರವೇ ಬೇಕು. ಓದಿದ್ದನ್ನು ಸೀರಿಯಲ್ ತಂತಿಯಲ್ಲಿ 9600 ಬಾಡ್ ವೇಗಕ್ಕೆ ಕಳಿಸಿದರೆ ಒಂದು ಟೇಪಿಗೆ 27 ಗಂಟೆ. ಆದ್ದರಿಂದ ಈಥರ್‌ನೆಟ್ ಬೋರ್ಡನ್ನು ಜಾಲದ ಕೇಬಲಿಗೆ ಜೋಡಿಸುವ ಒಂದು ಹಳೆಯ ಎಯುಐ ಟ್ರಾನ್ಸೀವರ್ ಹುಡುಕಿ ತಂದೆ, 1,900 ರೂಪಾಯಿ. ಕಡತ ಕಳಿಸುವ ಎಫ್‌ಟಿಪಿ ಕ್ರಮದ ಮೂಲಕ ಪಕ್ಕದ ಲಿನಕ್ಸ್ ಯಂತ್ರಕ್ಕೆ ಹರಿಸಿದೆ.

ಹಳೆಯ ಟೇಪಿನ ಲೇಪನ ತೇವ ಹೀರಿ ಅಂಟಾಗುತ್ತದೆ. ಹಾಗೇ ಓಡಿಸಿದರೆ ಡ್ರೈವಿನ ತಲೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಮೊದಲು ಬೆಚ್ಚಗೆ ಒಣಗಿಸಬೇಕು: 50 ಡಿಗ್ರಿಯಲ್ಲಿ ಎಂಟು ಗಂಟೆ, ನಂತರ ಒಂದು ದಿನ ಆರಲು ಬಿಡುವುದು. ಬಯೋಟೆಕ್ ವಿಭಾಗದ ಓವನ್ ಮತ್ತೆ ಒದಗಿತು. ಮೇಡಂ ಒಳಗೆ ಬೇರೊಂದು ಥರ್ಮಾಮೀಟರ್ ಇಡಲು ಹೇಳಿದ್ದು ಒಳ್ಳೆಯದಾಯಿತು. ಡಯಲ್ 50 ತೋರಿಸುವಾಗ ಒಳಗೆ 58 ಇತ್ತು. ಡಯಲನ್ನು ಇಳಿಸಿದೆ.

ಮೊದಲು ಅಲ್ಟ್ರಿಕ್ಸ್‌ನ ಎರಡು ಅನುಸ್ಥಾಪನಾ ಟೇಪ್‌ಗಳನ್ನು ಓದಿದೆ, ಕಳೆದುಹೋದರೂ ನಷ್ಟವಿಲ್ಲದವು. ಎರಡೂ ಸರಾಗ. 3, 4 ಕೂಡ ಬಂದವು. ಆ ಉತ್ಸಾಹದಲ್ಲಿ 5ನೆಯದನ್ನು ತಲೆ ಒರಸದೆ ಹಾಕಿದೆ. ಕಾಲುಭಾಗ ಓದಿ ನಿಂತಿತು, ಕೆಂಪು ದೀಪ ವೇಗವಾಗಿ ಮಿನುಗಿತು. ಬಿಚ್ಚಿ ನೋಡಿದರೆ 4ನೆಯ ಟೇಪಿನ ಲೇಪನ ಕಂದು ಹರಳಾಗಿ ತಲೆಯ ಮೇಲೆ ಕೂತು, 5ನೆಯದನ್ನು ಉದ್ದಕ್ಕೂ ಗೀರಿತ್ತು. 1993ರ ಒಂದು ಬ್ಯಾಕಪ್ ಹೀಗೆ ಹೋಯಿತು. ಅಂದಿನಿಂದ ಪ್ರತಿ ಟೇಪಿನ ನಂತರ ಡ್ರೈವ್ ತೆರೆದು ಆಲ್ಕೊಹಾಲ್‌ನಿಂದ ಒರಸಿ, ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಂತ ಮೇಲಷ್ಟೇ ಮುಂದಿನದು. ಟೇಪನ್ನು ಒಳಗೆಳೆಯುವ ಕೊಕ್ಕೆ ಸರಿಯಾಗಿ ಸಿಕ್ಕಿದೆಯೇ ಎಂದೂ ಪ್ರತಿ ಬಾರಿ ಟಾರ್ಚ್ ಹಿಡಿದು ನೋಡಿದೆ; ಅದು ತಪ್ಪಿದರೆ ಡ್ರೈವ್ ಪೂರ್ತಿ ಬಿಚ್ಚಬೇಕಾಗುತ್ತದೆ.

7ನೆಯ ಟೇಪ್ 1995ರ ನವೆಂಬರ್‌ನ ಪೂರ್ಣ ಬ್ಯಾಕಪ್. ಪೂರ್ತಿ ಬಂತು. ಡಿಸ್ಕ್ 1ರಲ್ಲಿ ನಾನು ಕಳೆದುಕೊಂಡ ಕಡತಗಳಲ್ಲಿ ಅಲ್ಲಿಯ ತನಕದವೆಲ್ಲ ಅದರಲ್ಲಿದ್ದವು. ಆ ರಾತ್ರಿ ಮನೆಗೆ ಹೋಗಲು ಕೊನೆಯ ಬಸ್ ತಪ್ಪಿತು. ಲ್ಯಾಬಿನಲ್ಲಿಯೇ ಕುಳಿತು ಕಡತಗಳ ಪಟ್ಟಿ ಓದಿದೆ. ಹನ್ನೊಂದು ಟೇಪ್ ಸರಿಯಾಗಿ ಬಂದವು. 9 ಮತ್ತು 12 ಎರಡು ಬಾರಿ ಒಣಗಿಸಿದರೂ ಮೋಟರನ್ನು ಹಿಡಿದು ನಿಲ್ಲಿಸುತ್ತಿದ್ದವು. ಬಲವಂತ ಮಾಡಲಿಲ್ಲ.

ಮಾರ್ಚ್ 14: ಪರರ ಪತ್ರಗಳು

ಡಿಸ್ಕ್ 0ರಲ್ಲಿ 62 ಮೇಲ್‌ಬಾಕ್ಸ್‌ಗಳು. ಪ್ರಾಧ್ಯಾಪಕರದು, ವಿದ್ಯಾರ್ಥಿಗಳದು. ಇತಿಹಾಸದ ದಾಖಲೆ, ಎಲ್ಲವನ್ನೂ ತೆರೆದಿಡೋಣ ಎಂದು ಕಿರಿಯ ಸಹೋದ್ಯೋಗಿಗಳು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ವಿದೇಶದಲ್ಲಿ ಓದುವ ಆಸೆ, ಸಿಗದ ಸ್ಕಾಲರ್‌ಶಿಪ್, ಮನೆಯ ಕಷ್ಟ, ಏನೇನು ಬರೆದಿರುತ್ತಾರೋ. ಅಂಚೆಯವನ ಚೀಲ ಹಳತಾಯಿತೆಂದು ಕಾಗದ ಒಡೆದು ಓದುವಂತಿಲ್ಲ.

ನಾನು ತೆರೆದದ್ದು ನನ್ನದೊಂದೇ. 1992ರಲ್ಲಿ ಕಡತ ಸಾಗಿಸುವ ಕರ್ಮಿಟ್ ತಂತ್ರಾಂಶದ ದೋಷವೊಂದರ ಬಗ್ಗೆ ಹೊರದೇಶಕ್ಕೆ ಬರೆದಿದ್ದೆ. ನಾಲ್ಕು ದಿನಕ್ಕೆ ಉತ್ತರ ಬಂದಿತ್ತು. ಮೇಲ್ತುದಿಯಲ್ಲಿ ಅದು ನಡೆದುಬಂದ ದಾರಿ: ಅಮೆರಿಕದ ಯುಯುನೆಟ್, ಅಲ್ಲಿಂದ ಮುಂಬೈಯ ಶಕ್ತಿ, ಅಲ್ಲಿಂದ ಬೆಂಗಳೂರಿನ ವಿಜ್ಞಾನ್, ಕೊನೆಗೆ ನಮ್ಮ ಯಂತ್ರ, ಒಂದೊಂದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಶಕ್ತಿ ಎನ್‌ಸಿಎಸ್‌ಟಿಯದು, ವಿಜ್ಞಾನ್ ವಿಜ್ಞಾನ ಸಂಸ್ಥೆಯದು. ಆ ಯಂತ್ರಗಳನ್ನು ನಾನು ಕಂಡವನಲ್ಲ, ಆದರೆ ಪಕ್ಕದ ಮನೆಯವರ ಹೆಸರಿನಂತೆ ದಿನಾ ಕೇಳುತ್ತಿದ್ದೆ.

ಉಳಿದ 61ನ್ನು ಗೂಢಲಿಪಿಯಲ್ಲಿ ಮುಚ್ಚಿಟ್ಟು, ಹಳೆಯ ವಿದ್ಯಾರ್ಥಿಗಳ ಸಂಘದ ಮೂಲಕ ಪತ್ರ ಕಳಿಸಿದೆವು. ಕೇಳಿದವರಿಗೆ ಗುರುತು ನೋಡಿ ಅವರದನ್ನು ಮಾತ್ರ ಕೊಡುವುದು, 2025ರ ಡಿಸೆಂಬರ್ 31ರ ನಂತರ ಉಳಿದವನ್ನು ಅಳಿಸುವುದು ಎಂದು ಪ್ರಾಂಶುಪಾಲರು ಬರಹದಲ್ಲಿ ಒಪ್ಪಿದರು. ಮಾರ್ಚ್ ಕೊನೆಗೆ ಆರು ಮಂದಿ ಪಡೆದಿದ್ದರು. ಕಾರ್ಕಳದಿಂದ ಒಬ್ಬರು ಮಗಳನ್ನು ಕರೆದುಕೊಂಡು ಸ್ವತಃ ಬಂದಿದ್ದರು.

ಮಾರ್ಚ್ 19ರಿಂದ 27: ನಿಲ್ಲಿಸಿದ್ದು, ಸಾಗಿಸಿದ್ದು

ನಿಲ್ಲಿಸುವ ಮುನ್ನ ಹಳೆಯ ಯಂತ್ರವನ್ನು ತಂತ್ರಾಂಶದಲ್ಲಿಯೇ ಅನುಕರಿಸುವ ಸಿಮ್‌ಎಚ್ ಎಂಬ ಎಮ್ಯುಲೇಟರ್‌ನಲ್ಲಿ ನಕಲು ಸ್ವತಂತ್ರವಾಗಿ ಓಡುತ್ತದೆಯೇ ಎಂದು ಎರಡು ಬೇರೆ ಕಂಪ್ಯೂಟರ್‌ಗಳಲ್ಲಿ ಪರೀಕ್ಷಿಸಿದೆ. ಓಡಿತು. ಒಂದು ಟೆರಾಬೈಟಿನ ಎರಡು ಹೊರ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟೆ. ಒಂದು ಗ್ರಂಥಾಲಯದಲ್ಲಿದೆ, ಇನ್ನೊಂದು ವಿಭಾಗದಲ್ಲಿ.

ಇಂಟರ್‌ನೆಟ್‌ಗೂ ಮುಂಚಿನ ಅರ್ಪಾನೆಟ್ ಜಾಲದ ಕಾಲದ ಮಲ್ಟಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕೊನೆಯ ಯಂತ್ರವನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 2000ದ ಅಕ್ಟೋಬರ್ 30ರಂದು ನಿಲ್ಲಿಸಿದ ದಿನಾಂಕ ಇಂದಿಗೂ ದಾಖಲೆಯಲ್ಲಿದೆ. ನಮ್ಮದಕ್ಕೂ ಒಂದು ದಾಖಲೆ ಇರಲಿ ಎಂದು ಬರೆದಿಟ್ಟೆ: 2025ರ ಮಾರ್ಚ್ 19, ಮಧ್ಯಾಹ್ನ 3 ಗಂಟೆ 40 ನಿಮಿಷ. ಶಟ್‌ಡೌನ್ ಆದೇಶವನ್ನು ಅಟೆಂಡರ್ ಅಣ್ಣನವರಿಂದ ಕೊಡಿಸಿದೆ. 1999ರಲ್ಲಿ ಯಾರೋ ಬರಿದೇ ಸ್ವಿಚ್ ಆರಿಸಿ ಹೋಗಿದ್ದರು. ಈ ಬಾರಿ ಅದು ತನ್ನ ಕಡತಗಳನ್ನು ಮುಚ್ಚಿ, ತಾನಾಗಿ >>>ಗೆ ಮರಳಿದ ಮೇಲೆ ವಿದ್ಯುತ್ ತೆಗೆದೆವು.

ಮಂಗಳೂರು ಬಂದರಿನ ಗುಜರಿ ಅಂಗಡಿಯೊಂದರಿಂದ ಒಳ್ಳೆಯ ಬೆಲೆಗೆ ಬೇಡಿಕೆ ಬಂದಿತ್ತು. ಕೊಡಲಿಲ್ಲ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ; ದೊಡ್ಡ ಸಂಸ್ಥೆಗಳು ನೋಂದಾಯಿತ ಉತ್ಪಾದಕರು, ದುರಸ್ತಿಗಾರರು ಅಥವಾ ಮರುಬಳಕೆದಾರರಿಗೇ ಕೊಡಬೇಕು. ನಿಯಮ ಇಲ್ಲದಿದ್ದರೂ ಕೊಡುತ್ತಿರಲಿಲ್ಲ. ತಾಮ್ರಕ್ಕಾಗಿ ಕೇಬಲ್ ಸುಡುವ ಹೊಗೆಯನ್ನು ಹೊಳೆಯ ದಡದಲ್ಲಿ ಕಣ್ಣಾರೆ ಕಂಡಿದ್ದೇನೆ.

ಎರಡೂ ಡಿಸ್ಕ್‌ಗಳ ತಟ್ಟೆಗಳನ್ನು ಹೊರತೆಗೆದು ಮರಳುಕಾಗದದಿಂದ ಎರಡೂ ಮೈ ಉಜ್ಜಿದೆ. ಸಿಪಿಯು ಬೋರ್ಡ್ ಮತ್ತು ಮುಂಭಾಗದ ಫಲಕ ವಿಭಾಗದ ಗಾಜಿನ ಕಪಾಟಿನಲ್ಲಿವೆ. ಉಳಿದದ್ದು ತೂಕಕ್ಕೆ 61 ಕಿಲೊ. ಕಿಲೊಗೆ 45ರಂತೆ 2,745 ರೂಪಾಯಿ ಕಾಲೇಜಿನ ಖಾತೆಗೆ ಬಂತು.

ಖರ್ಚು: ಕೆಪಾಸಿಟರ್ 1,150, ರೆಸಿಸ್ಟರ್ ಮತ್ತು ಬಲ್ಬ್ 420, ಆಲ್ಕೊಹಾಲ್ ಹತ್ತಿ ಇತ್ಯಾದಿ 460, ಬೀಗಲ್‌ಬೋನ್ 6,400, ಎಂಎಫ್‌ಎಂ ಬೋರ್ಡ್ 9,850, ಟ್ರಾನ್ಸೀವರ್ 1,900, ಹೊರ ಡಿಸ್ಕ್ ಎರಡು 8,400, ಸಿಲಿಕಾ ಜೆಲ್ ಮತ್ತು ಡಬ್ಬಿ 900, ಸಾಗಾಟ 1,500. ಒಟ್ಟು 30,980. ಮಂಜೂರಾದ 20,000 ಕಳೆದು ಉಳಿದ 10,980 ನಾನು ಹಾಕಿದ್ದೇನೆ. ಡಿಸ್ಕ್ 1ರ ವಿಷಯದಲ್ಲಿ ನನ್ನ ಪಾಲಿನದು ಅಷ್ಟಾದರೂ ಇರಲಿ.

ಬಾಕಿ ಉಳಿದದ್ದು

9 ಮತ್ತು 12ನೆಯ ಟೇಪ್‌ಗಳು ಸಿಲಿಕಾ ಜೆಲ್ ಡಬ್ಬಿಯಲ್ಲಿವೆ. 9ರ ಚೀಟಿಯ ಮೇಲೆ ನನ್ನದೇ ಅಕ್ಷರದಲ್ಲಿ ‘ಜೂನ್ 1996, ಪೂರ್ಣ’ ಎಂದಿದೆ. ಆ ವರ್ಷ ಹೊರಬಿದ್ದ ತಂಡದ ಪ್ರಾಜೆಕ್ಟ್‌ಗಳು, ಡಿಸ್ಕ್ 1ರಲ್ಲಿ ನಾನು ಕೆಡಿಸಿದವು, ಇರುವುದಾದರೆ ಇದರಲ್ಲೇ. ಯಂತ್ರ ಹೋದರೂ, ಬೇರೆ ಕಂಪ್ಯೂಟರಿಗೂ ಜೋಡಿಸಬಹುದಾದ ಸ್ಕಸಿ ಸಂಪರ್ಕದ ಟಿಜೆಡ್30 ಡ್ರೈವ್ ಇದೇ ಟೇಪನ್ನು ಓದುತ್ತದೆ. ಬೆಂಗಳೂರಿನ ಒಬ್ಬರಲ್ಲಿ ಒಂದಿದೆ, ಎರವಲು ಕೊಡಲು ಒಪ್ಪಿದ್ದಾರೆ. ಮಳೆಗಾಲದಲ್ಲಿ ಮುಟ್ಟುವುದಿಲ್ಲ. ನವೆಂಬರ್‌ನಲ್ಲಿ ಗಾಳಿ ಒಣಗಿದ ಮೇಲೆ ಮೊದಲು 12ನ್ನು ಹಾಕಿ ನೋಡುತ್ತೇನೆ, ಅದು ಸರಾಗವಾಗಿ ಬಂದರೆ ತಲೆ ಒರಸಿ 9ನ್ನು.